ಕೆಲಸವಿಲ್ಲದವರ ಲೆಕ್ಕ: ತಲಪಾಡಿಯ ಆಚೆ ಮತ್ತು ಈಚೆ

ಕೇಂದ್ರ ಸರಕಾರದ ಅಂಕಿಅಂಶ ಇಲಾಖೆಯವರು ಶ್ರಮಬಲ ಸಮೀಕ್ಷೆಯ ವರದಿಯನ್ನು ಪ್ರಕಟಿಸಿದಾಗಲೆಲ್ಲ ನಮ್ಮ ಕಾಸರಗೋಡು ಸೀಮೆಯ ಬಸ್ಸುಗಳಲ್ಲಿ, ಅಂಗಡಿ ಜಗಲಿಗಳಲ್ಲಿ, ಮದುವೆಯ ಚಪ್ಪರಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ಕೇರಳದಲ್ಲಿ ಕೆಲಸವಿಲ್ಲ, ಕರ್ನಾಟಕದಲ್ಲಿ ಇದೆ. ಮಾತಿಗೆ ಆಧಾರವಿಲ್ಲವೆನ್ನುವಂತಿಲ್ಲ. 2023ರ ಜುಲೈಯಿಂದ 2024ರ ಜೂನ್‌ವರೆಗಿನ ಸಮೀಕ್ಷೆಯ ಪ್ರಕಾರ 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ನಿರುದ್ಯೋಗದ ಪ್ರಮಾಣ ಕೇರಳದಲ್ಲಿ ಶೇಕಡಾ 7.2, ಕರ್ನಾಟಕದಲ್ಲಿ ಶೇಕಡಾ 2.7. ಇಡೀ ಭಾರತಕ್ಕೆ ಅದು ಶೇಕಡಾ 3.2. ಅಂದರೆ ತಲಪಾಡಿಯ ತಪಾಸಣಾ ಕಟ್ಟೆಯನ್ನು ದಾಟಿ ಈಚೆಗೆ ಬಂದರೆ ನಿರುದ್ಯೋಗವು ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ ಎಂದಾಯಿತು. ಆಚೆಯ ಮಣ್ಣೂ ಈಚೆಯ ಮಣ್ಣೂ ಒಂದೇ. ಎರಡೂ ಕಡೆ ಅದೇ ಅಡಿಕೆ, ಅದೇ ತೆಂಗು, ಅದೇ ತುಳು ಕನ್ನಡಗಳ ಮನೆಮಾತು. 1956ರ ನವೆಂಬರ್ 1ರವರೆಗೆ ಇವೆರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗಗಳಾಗಿದ್ದುವು. ಹಾಗಿರುವಾಗ ಇಷ್ಟು ದೊಡ್ಡ ಅಂತರ ಎಲ್ಲಿಂದ ಬಂತು?

ಇದು ಕೇವಲ ಪಂಡಿತರ ಕುತೂಹಲದ ಪ್ರಶ್ನೆಯಾಗಿದ್ದರೆ ಈ ಪುಟಗಳಲ್ಲಿ ಅದಕ್ಕೆ ಜಾಗ ಕೇಳುತ್ತಿರಲಿಲ್ಲ. ಹತ್ತನೆಯ ತರಗತಿ ಮುಗಿಸಿದ ಮಕ್ಕಳ ಸರ್ಟಿಫಿಕೇಟಿಗಾಗಿ ಬರುವ ತಂದೆತಾಯಂದಿರು ಶಾಲೆಯಲ್ಲಿ ನಮ್ಮೊಡನೆ ಆಡುವ ಮಾತಿನ ಹಿಂದೆ ಈ ಅಂಕಿಯೇ ನಿಂತಿರುತ್ತದೆ. "ಮಾಷ್ಟ್ರೇ, ಇವನನ್ನು ಅತ್ತಲೇ ಸೇರಿಸಿಬಿಡುವುದು ಒಳ್ಳೆಯದಲ್ಲವೆ? ಇಲ್ಲಿ ಕಲಿತವರೆಲ್ಲ ಮನೆಯಲ್ಲಿ ಕೂತಿದ್ದಾರಂತಲ್ಲ" ಎಂಬ ಪ್ರಶ್ನೆ ವರ್ಷಂಪ್ರತಿ ಬರುತ್ತದೆ. ಬಿ.ಎಡ್. ಮುಗಿಸಿ ಮೂರು ವರ್ಷ ಮನೆಯಲ್ಲಿರುವ ಮಗಳ ವಿಷಯ ಬಂದಾಗ ತಾಯಂದಿರು ಸ್ವರ ತಗ್ಗಿಸುತ್ತಾರೆ, ಏನೋ ಅಪರಾಧವಾಗಿದೆಯೆಂಬಂತೆ. ಪತ್ರಿಕೆಯಲ್ಲಿ ಅಚ್ಚಾದ ಒಂದು ಶೇಕಡಾವಾರು ಸಂಖ್ಯೆಯು ಮನೆಯ ಮಕ್ಕಳ ಯೋಗ್ಯತೆಯನ್ನು ಅಳೆಯುವ ಕೋಲಾಗಿಬಿಟ್ಟಿದೆ. ಆದುದರಿಂದ ಆ ಕೋಲು ಅಳೆಯುವುದು ಏನನ್ನು, ಅಳೆಯದೆ ಬಿಡುವುದು ಏನನ್ನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯವೆಂದು ನಮಗೆ ತೋರಿತು.

ಯಾರು ನಿರುದ್ಯೋಗಿ?

ಕೆಲಸ ಮಾಡದವರೆಲ್ಲ ನಿರುದ್ಯೋಗಿಗಳಲ್ಲ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಆಶ್ರಯದಲ್ಲಿ 1982ರಲ್ಲಿ ಸೇರಿದ ಶ್ರಮ ಅಂಕಿಅಂಶ ತಜ್ಞರ ಸಮ್ಮೇಳನವು ಮೂರು ಲಕ್ಷಣಗಳನ್ನು ಹೇಳಿತು. ಮನುಷ್ಯನಿಗೆ ಕೆಲಸ ಇರಬಾರದು. ಸಿಕ್ಕಿದರೆ ಮಾಡಲು ಆತ ಸಿದ್ಧನಾಗಿರಬೇಕು. ಮತ್ತು ಕೆಲಸಕ್ಕಾಗಿ ಹುಡುಕುತ್ತಿರಬೇಕು. ಮೂರೂ ಕೂಡಿದರೆ ಮಾತ್ರ ಆತ ನಿರುದ್ಯೋಗಿ. ಓದುತ್ತಿರುವ ವಿದ್ಯಾರ್ಥಿ, ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿ, ಹುಡುಕಿ ಹುಡುಕಿ ಬೇಸತ್ತು ಕೈಬಿಟ್ಟ ತರುಣ, ಇವರಾರೂ ನಿರುದ್ಯೋಗಿಗಳ ಪಟ್ಟಿಗೆ ಸೇರುವುದಿಲ್ಲ. ಇವರು ಶ್ರಮಬಲದ ಹೊರಗಿನವರು. ಕೆಲಸ ಮಾಡುವವರನ್ನೂ ಹುಡುಕುವವರನ್ನೂ ಕೂಡಿಸಿದರೆ ಸಿಗುವುದು ಶ್ರಮಬಲ. ಆ ಶ್ರಮಬಲದಲ್ಲಿ ಹುಡುಕುವವರು ನೂರಕ್ಕೆ ಎಷ್ಟು ಎಂಬುದೇ ನಿರುದ್ಯೋಗದ ಪ್ರಮಾಣ.

ಕರಿಹಲಗೆಯ ಮೇಲೆ ಒಂದು ಲೆಕ್ಕ ಬರೆದು ನೋಡೋಣ. ಒಂದು ಊರಿನಲ್ಲಿ 45 ಮಂದಿ ಕೆಲಸದಲ್ಲಿದ್ದಾರೆ, 5 ಮಂದಿ ಹುಡುಕುತ್ತಿದ್ದಾರೆ. ಶ್ರಮಬಲ 50, ನಿರುದ್ಯೋಗ ಶೇಕಡಾ 10. ಈಗ ಆ ಐವರಲ್ಲಿ ಮೂವರು "ಇನ್ನು ಸಾಕು" ಎಂದು ಹುಡುಕಾಟವನ್ನು ನಿಲ್ಲಿಸಿದರು. ಶ್ರಮಬಲ 47ಕ್ಕೆ ಇಳಿಯಿತು, ಹುಡುಕುವವರು ಇಬ್ಬರು. ನಿರುದ್ಯೋಗ ಶೇಕಡಾ 4ಕ್ಕಿಂತ ತುಸು ಹೆಚ್ಚು ಮಾತ್ರ. ಒಬ್ಬರಿಗೂ ಹೊಸದಾಗಿ ಕೆಲಸ ಸಿಕ್ಕಲಿಲ್ಲ, ಆದರೆ ಊರಿನ ನಿರುದ್ಯೋಗ ಅರ್ಧಕ್ಕಿಂತ ಕೆಳಗಿಳಿಯಿತು! ಇನ್ನೊಂದು ರೀತಿ ನೋಡಿ. ಮೊದಲಿನ 45 ಮಂದಿ ದುಡಿಯುವವರಲ್ಲಿ ಐವರು ದುಬಾಯಿಗೋ ಬೆಂಗಳೂರಿಗೋ ಹೋಗಿ ನೆಲಸಿದರೆನ್ನಿ. ಶ್ರಮಬಲ 45 ಆಯಿತು, ಹುಡುಕುವವರು ಐವರೇ ಉಳಿದರು. ನಿರುದ್ಯೋಗ ಶೇಕಡಾ 11ಕ್ಕೆ ಏರಿತು. ಯಾರ ಕೆಲಸವೂ ಹೋಗಿಲ್ಲ. ಹೋದವರು ಮನೆಗೆ ಹಣ ಕಳುಹಿಸುತ್ತಿದ್ದಾರೆ. ಆದರೂ ಅಂಕಿಯ ದೃಷ್ಟಿಯಲ್ಲಿ ಊರು ಕೆಟ್ಟಿತು. ಕೇರಳದಿಂದ ವಿದೇಶಕ್ಕೆ ಹೋಗಿರುವವರು ಸುಮಾರು 22 ಲಕ್ಷವೆಂದು 2023ರ ಕೇರಳ ವಲಸೆ ಸಮೀಕ್ಷೆಯು ಅಂದಾಜು ಮಾಡಿತ್ತು. ಇವರಲ್ಲಿ ಬಹುಪಾಲು ದುಡಿಯುವವರೇ. ನಮ್ಮ ಶೇಕಡಾ 7.2ನ್ನು ಓದುವಾಗ ಈ ಸಂಗತಿ ನೆನಪಿನಲ್ಲಿರಬೇಕು.

ಹುಡುಕಾಟ ನಿಂತರೆ ನಿರುದ್ಯೋಗ ಇಳಿಯುತ್ತದೆ ಎಂಬುದು ಕರಿಹಲಗೆಯ ಚಮತ್ಕಾರ ಮಾತ್ರವಲ್ಲ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ, ಕೊರೋನಾ ದಿಗ್ಬಂಧನದ ಕಾಲದಲ್ಲಿ, ದಕ್ಷಿಣ ಆಫ್ರಿಕದಲ್ಲಿ 22 ಲಕ್ಷ ಮಂದಿ ಕೆಲಸ ಕಳೆದುಕೊಂಡರು. ಅದೇ ಮೂರು ತಿಂಗಳಲ್ಲಿ ಆ ದೇಶದ ಅಧಿಕೃತ ನಿರುದ್ಯೋಗವು ಶೇಕಡಾ 30.1ರಿಂದ 23.3ಕ್ಕೆ ಇಳಿಯಿತು. ಮನೆಯಿಂದ ಹೊರಗೆ ಕಾಲಿಡಲಾಗದವರು ಕೆಲಸ ಹುಡುಕುವುದು ಹೇಗೆ? ಹುಡುಕದವರು ನಿರುದ್ಯೋಗಿಗಳಲ್ಲ. ದಿಗ್ಬಂಧನ ಸಡಿಲಿ ಜನ ಮತ್ತೆ ಹುಡುಕಲು ಹೊರಟ ಕೂಡಲೇ ಪ್ರಮಾಣ ಪುನಃ ಶೇಕಡಾ 30ನ್ನು ದಾಟಿತು.

ದೇಶದೇಶಗಳ ಅಂಕಿ

ದೇಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇನ್ನೂ ವಿಚಿತ್ರವಾದ ಚಿತ್ರ ಕಾಣುತ್ತದೆ. ಪಶ್ಚಿಮ ಆಫ್ರಿಕದ ನೈಜರ್ ಲೋಕದ ಅತ್ಯಂತ ಬಡ ರಾಷ್ಟ್ರಗಳಲ್ಲೊಂದು. ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ ಅಲ್ಲಿಯ ನಿರುದ್ಯೋಗ ಶೇಕಡಾ 1ಕ್ಕಿಂತಲೂ ಕಡಮೆ. ಸಿರಿವಂತ ಜಪಾನಿನಲ್ಲಿ ಅದು ಶೇಕಡಾ 2.5ರ ಆಸುಪಾಸಿನಲ್ಲಿದೆ. 2013ರಲ್ಲಿ ಗ್ರೀಸ್ ಮತ್ತು ಸ್ಪೇನ್ ದೇಶಗಳಲ್ಲಿ ಶ್ರಮಬಲದ ಕಾಲುಭಾಗಕ್ಕೂ ಮಿಕ್ಕಿ ಜನ ನಿರುದ್ಯೋಗಿಗಳಾಗಿದ್ದರು. ಹಾಗೆಂದು ನೈಜರಿನವನ ಬಾಳು ಗ್ರೀಸಿನವನ ಬಾಳಿಗಿಂತ ಹಸನಾಗಿತ್ತೆಂದು ಯಾರೂ ಹೇಳಲಾರರು. ನೈಜರಿನಲ್ಲಿ ಕೆಲಸವಿಲ್ಲದೆ ಒಂದು ವಾರ ಕೂತರೆ ಹೊಟ್ಟೆಗಿಲ್ಲ. ಮನುಷ್ಯ ಏನಾದರೊಂದು ಮಾಡಲೇಬೇಕು. ನಾಲ್ಕು ಆಡು ಮೇಯಿಸಿದರೂ, ರಸ್ತೆ ಬದಿಯಲ್ಲಿ ಒಂದು ಬುಟ್ಟಿ ಕಾಳು ಮಾರಿದರೂ ಆತ ಉದ್ಯೋಗಿಯೇ. ಗ್ರೀಸಿನಲ್ಲಿ ಕೆಲಸ ಹೋದವನಿಗೆ ಸ್ವಲ್ಪ ಕಾಲ ಸರಕಾರದ ಭತ್ಯೆ ಬಂತು, ತಂದೆತಾಯಿಯರ ನಿವೃತ್ತಿ ವೇತನವಿತ್ತು, ಕಲಿತ ವಿದ್ಯೆಗೆ ತಕ್ಕ ಕೆಲಸಕ್ಕಾಗಿ ಕಾಯುವ ಶಕ್ತಿ ಇತ್ತು. ನಿರುದ್ಯೋಗಿಯಾಗಿರುವುದಕ್ಕೂ ಒಂದಿಷ್ಟು ಆಸರೆ ಬೇಕು.

ಎಣಿಕೆಯ ಕ್ರಮವೂ ದೇಶಕ್ಕೆ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಪ್ರತಿ ತಿಂಗಳೂ ಸುಮಾರು 60,000 ಮನೆಗಳನ್ನು ವಿಚಾರಿಸುತ್ತಾರೆ. 16 ವರ್ಷ ಮೇಲ್ಪಟ್ಟು, ಹಿಂದಿನ ನಾಲ್ಕು ವಾರಗಳಲ್ಲಿ ಕೆಲಸಕ್ಕಾಗಿ ಪ್ರಯತ್ನಿಸಿದವರನ್ನು ಮಾತ್ರ ನಿರುದ್ಯೋಗಿಗಳೆನ್ನುತ್ತಾರೆ. ಈ ಮನೆಮನೆ ವಿಚಾರಣೆ ಅಲ್ಲಿ ಆರಂಭವಾದದ್ದು 1940ರಲ್ಲಿ. 1933ರ ಮಹಾ ಮುಗ್ಗಟ್ಟಿನಲ್ಲಿ ನಾಲ್ವರಲ್ಲೊಬ್ಬ ನಿರುದ್ಯೋಗಿಯಾಗಿದ್ದನೆಂಬ ಪ್ರಸಿದ್ಧ ಅಂಕಿಯು ವಿದ್ವಾಂಸರು ಆಮೇಲೆ ಕೂತು ಲೆಕ್ಕ ಹಾಕಿದ್ದು. ಅದರಲ್ಲೂ ಒಂದು ಜಗಳವಿದೆ. ಸರಕಾರವು ಪರಿಹಾರ ಕಾಮಗಾರಿಗಳಲ್ಲಿ ದುಡಿಸಿ ಕೂಲಿ ಕೊಟ್ಟವರನ್ನು ನಿರುದ್ಯೋಗಿಗಳೆಂದರೆ 1936ರ ಪ್ರಮಾಣ ಸುಮಾರು ಶೇಕಡಾ 17. ಅವರನ್ನು ಕೆಲಸದಲ್ಲಿದ್ದವರೆಂದರೆ ಅದೇ ವರ್ಷ ಸುಮಾರು ಶೇಕಡಾ 10. ಒಂದೇ ದೇಶ, ಒಂದೇ ವರ್ಷ, ಅದೇ ಮನುಷ್ಯರು! ಬ್ರಿಟನ್ನಿನಲ್ಲಿ 1982ರವರೆಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿದವರನ್ನು ಎಣಿಸುತ್ತಿದ್ದರು. ಆ ವರ್ಷದಿಂದ ಭತ್ಯೆಗೆ ಅರ್ಜಿ ಹಾಕಿದವರನ್ನು ಮಾತ್ರ ಎಣಿಸತೊಡಗಿದರು. ಸಂಖ್ಯೆ ತಂತಾನೇ ತಗ್ಗಿತು.

ನಮ್ಮ ದೇಶದಲ್ಲಿಯೂ ಇದರ ಚರ್ಚೆ ಹಳೆಯದು. ದಾಂತ್‌ವಾಲಾ ಅವರ ಅಧ್ಯಕ್ಷತೆಯ ತಜ್ಞ ಸಮಿತಿಯು 1970ರ ತನ್ನ ವರದಿಯಲ್ಲಿ, ಹೆಚ್ಚಿನವರು ಸ್ವಂತ ಹೊಲದಲ್ಲೋ ಮನೆಯ ಕಸುಬಿನಲ್ಲೋ ದುಡಿಯುವ ಭಾರತದಂಥ ದೇಶದ ನಿರುದ್ಯೋಗವನ್ನು ಒಂದೇ ಒಂದು ಸಂಖ್ಯೆಯಲ್ಲಿ ಹಿಡಿಯಲಾಗದು ಎಂದಿತು. ಅಂತೆಯೇ 1972-73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ಒಂದಕ್ಕಿಂತ ಹೆಚ್ಚು ಅಳತೆಗಳು ಬಳಕೆಗೆ ಬಂದುವು. ಇವುಗಳಲ್ಲಿ ಎರಡನ್ನು ನಾವು ತಿಳಿದಿದ್ದರೆ ಸಾಕು. ಮೊದಲನೆಯದು ಇಡೀ ವರ್ಷವನ್ನು ನೋಡುವ ಅಳತೆ. ಇದರಲ್ಲಿ ವರ್ಷದೊಳಗೆ 30 ದಿನಗಳಷ್ಟು ಉಪಕಸುಬು ಮಾಡಿದವರೂ ಉದ್ಯೋಗಿಗಳೇ. ಎರಡನೆಯದು ಹಿಂದಿನ ಏಳು ದಿನಗಳನ್ನು ನೋಡುವ ಅಳತೆ; ಆ ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಉದ್ಯೋಗಿ. 2023-24ರಲ್ಲಿ ಮೊದಲ ಅಳತೆಯಂತೆ ದೇಶದ ನಿರುದ್ಯೋಗ ಶೇಕಡಾ 3.2, ಎರಡನೆಯದರಂತೆ ಶೇಕಡಾ 4.9. 2025ರಿಂದ ತಿಂಗಳು ತಿಂಗಳು ಪ್ರಕಟವಾಗತೊಡಗಿದ ಅಂಕಿ ಈ ಎರಡನೆಯ ಬಗೆಯದು. ಮೊದಲ ತಿಂಗಳಾದ 2025ರ ಏಪ್ರಿಲ್‌ನಲ್ಲಿ ಅದು 5.1 ಇತ್ತು. ಹಳೆಯ 3.2ನ್ನೂ ಈ 5.1ನ್ನೂ ಒಂದೇ ಗೆರೆಯಲ್ಲಿಟ್ಟು "ನಿರುದ್ಯೋಗ ಜಿಗಿಯಿತು" ಎಂದು ಬರೆಯುವ ವರದಿಗಾರರು ಸೇರನ್ನೂ ಮೊಳವನ್ನೂ ಹೋಲಿಸಿದಂತಾಗುತ್ತದೆ.

ನಮ್ಮೂರುಗಳಿಗೆ ಇದನ್ನು ಹೊಂದಿಸಿ ನೋಡಿ. ಮಂಜೇಶ್ವರ, ಕುಂಬಳೆ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಎಲೆ, ಹೊಗೆಸೊಪ್ಪು, ನೂಲು ಬ್ರಾಂಚಿನಿಂದ ಬರುತ್ತದೆ. ಕಟ್ಟಿದ ಬೀಡಿ ಬ್ರಾಂಚಿಗೆ ಹೋಗುತ್ತದೆ. ಪದವಿ ಮುಗಿಸಿದ ಮಗಳು ಅಧ್ಯಾಪಿಕೆಯ ಹುದ್ದೆಗಾಗಿ ಅರ್ಜಿ ಹಾಕಿ ಕಾಯುತ್ತಾ, ಬೇಸರ ಕಳೆಯಲು ತಾಯಿಯ ಮೊರದ ಪಕ್ಕದಲ್ಲಿ ಕೂತು ದಿನಕ್ಕೆರಡು ಗಂಟೆ ನೂಲು ಸುತ್ತುತ್ತಾಳೆ. ಗಣತಿದಾರರು ಬಂದಾಗ ಇದನ್ನು ಹೇಳಿದರೆ ಆಕೆ ಉದ್ಯೋಗಿ. ಬೀಡಿಯ ಮಾತೆತ್ತದೆ ಅರ್ಜಿಯ ಮಾತನ್ನು ಮಾತ್ರ ಹೇಳಿದರೆ ನಿರುದ್ಯೋಗಿ. ಎರಡನ್ನೂ ಹೇಳದೆ "ಮನೆಯಲ್ಲೇ ಇದ್ದಾಳೆ" ಎಂದು ತಂದೆ ಜಗಲಿಯಿಂದಲೇ ಉತ್ತರಿಸಿದರೆ ಆಕೆ ಶ್ರಮಬಲಕ್ಕೇ ಸೇರಿದವಳಲ್ಲ. ಅದೇ ಹುಡುಗಿ, ಅದೇ ವಾರ. ದೇಶದಲ್ಲಿ ಶ್ರಮಬಲಕ್ಕೆ ಸೇರಿದ ಮಹಿಳೆಯರ ಪಾಲು 2017-18ರಲ್ಲಿ ಶೇಕಡಾ 23.3 ಇದ್ದದ್ದು 2023-24ರಲ್ಲಿ 41.7 ಆಯಿತೆಂದು ಸಮೀಕ್ಷೆ ಹೇಳುತ್ತದೆ. ಇದು ಸಂತೋಷದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಗೂಡಿಸುವವರೂ ಉದ್ಯೋಗಿಗಳೆಂದೇ ಎಣಿಸಲ್ಪಡುತ್ತಾರೆ ಎಂಬುದನ್ನು ಮರೆಯಲಾಗದು.

ಕೂಲಿಯ ಪ್ರಶ್ನೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಪೀಠಿಕೆಯೆಂದರೂ ಸರಿಯೇ. ನಮ್ಮ ಮನಸ್ಸಿಗೆ ಬಹಳವಾಗಿ ನಾಟಿದ್ದು ಎರಡು ಪಟ್ಟಿಗಳನ್ನು ಜತೆಗಿಟ್ಟು ಓದಿದಾಗ ಕಂಡದ್ದು. ಒಂದು ಪಟ್ಟಿ ನಿರುದ್ಯೋಗದ್ದು. ಇನ್ನೊಂದು ಭಾರತೀಯ ರಿಸರ್ವ್ ಬ್ಯಾಂಕು ಪ್ರಕಟಿಸುವ, ಗ್ರಾಮಾಂತರದ ಕೃಷಿ ಕೂಲಿಯ ಪಟ್ಟಿ. 2022-23ರಲ್ಲಿ ಮಧ್ಯಪ್ರದೇಶದ ನಿರುದ್ಯೋಗ ಶೇಕಡಾ 1.6; ದೇಶದಲ್ಲಿಯೇ ತೀರ ಕೆಳಗಿನ ಪ್ರಮಾಣಗಳಲ್ಲೊಂದು. ಅದೇ ವರ್ಷ ಅಲ್ಲಿಯ ಹಳ್ಳಿಯಲ್ಲಿ ಗಂಡಾಳಿನ ಕೃಷಿಕೂಲಿ ದಿನಕ್ಕೆ ಸರಾಸರಿ ಸುಮಾರು 229 ರೂಪಾಯಿ. ಕೇರಳದ ನಿರುದ್ಯೋಗ ಶೇಕಡಾ 7.0, ಕೂಲಿ ಸುಮಾರು 764 ರೂಪಾಯಿ, ರಾಜ್ಯಗಳಲ್ಲಿಯೇ ಅತ್ಯಧಿಕ. ಇಡೀ ದೇಶದ ಸರಾಸರಿ ಸುಮಾರು 346. ನಿರುದ್ಯೋಗ ಕಡಮೆಯಿರುವಲ್ಲಿ ಆಳುಗಳಿಗೆ ಬೇಡಿಕೆ ಹೆಚ್ಚಿ ಕೂಲಿ ಏರಬೇಕೆಂಬುದು ಪುಸ್ತಕದ ಪಾಠ. ಇಲ್ಲಿ ಅದು ತಲೆಕೆಳಗಾಗಿದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅಡಿಕೆ ಕೊಯ್ಯಲು, ತೆಂಗಿನ ಮರ ಹತ್ತಲು ಜನ ಸಿಕ್ಕುವುದಿಲ್ಲವೆಂದು ನಮ್ಮ ತೋಟದವರು ಗೋಳಾಡುತ್ತಾರೆ. ಗಾರೆ ಕೆಲಸಕ್ಕೆ, ಕಲ್ಲಿನ ಕೋರೆಗೆ, ಹೋಟೆಲುಗಳಿಗೆ ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಬಂದವರು ಬೇಕು. ಕೇರಳದಲ್ಲಿ ಅವರಿಗೆ ಅತಿಥಿ ಕಾರ್ಮಿಕರೆಂದು ಹೆಸರು. ಎರಡು ಸಾವಿರ ಕಿಲೋಮೀಟರಿಗೂ ದೂರದಿಂದ ಜನ ಕೆಲಸ ಹುಡುಕಿ ಬರುವ ನಾಡನ್ನೇ ನಿರುದ್ಯೋಗದ ಬೀಡು ಎಂದು ನಾವು ಕರೆಯುತ್ತಿದ್ದೇವೆ! ಅಂದಮೇಲೆ ಇಲ್ಲಿ ಕಡಮೆಯಿರುವುದು ಕೆಲಸವಲ್ಲ; ಕಲಿತವರು ಕಲಿತದ್ದಕ್ಕೆ ತಕ್ಕುದೆಂದು ಒಪ್ಪುವ ಕೆಲಸ. ಸಮೀಕ್ಷೆಯೇ ಇದಕ್ಕೆ ಸಾಕ್ಷಿ. 2023-24ರಲ್ಲಿ ಇಡೀ ದೇಶದಲ್ಲಿ ಅನಕ್ಷರಸ್ಥರ ನಿರುದ್ಯೋಗ ಶೇಕಡಾ 0.2 ಇದ್ದರೆ, ಹತ್ತನೆಯ ತರಗತಿ ಮತ್ತು ಅದಕ್ಕೂ ಹೆಚ್ಚು ಕಲಿತವರದು ಶೇಕಡಾ 6.5. ಓದುಬರಹ ಬಾರದವನಿಗೆ ಕಾಯುವ ಸೌಭಾಗ್ಯವಿಲ್ಲ. ಕೇರಳದಲ್ಲಿ 15ರಿಂದ 29 ವರ್ಷದವರ ನಿರುದ್ಯೋಗ ಅದೇ ವರ್ಷ ಶೇಕಡಾ 29.9, ಆ ಪ್ರಾಯದ ಹುಡುಗಿಯರದು 47.1, ಹುಡುಗರದು 19.3.

ಶೇಕಡಾ 47 ಎಂದರೆ ಭಯವಾಗುತ್ತದೆ. ಭಯಪಡಬೇಕಾದದ್ದೂ ಹೌದು. ಆದರೆ ಅದರ ಅರ್ಥವನ್ನು ಸರಿಯಾಗಿ ಹಿಡಿಯಬೇಕು. ನಮ್ಮ ಹುಡುಗಿಯರಲ್ಲಿ ಅರ್ಧಾಂಶ ಕೆಲಸವಿಲ್ಲದೆ ಕೂತಿದ್ದಾರೆಂದು ಇದರ ಅರ್ಥವಲ್ಲ. ಓದುತ್ತಿರುವವರು ಈ ಲೆಕ್ಕದಲ್ಲಿಲ್ಲ. ದುಡಿಯುತ್ತೇನೆಂದು ಹೊರಟ ಹುಡುಗಿಯರಲ್ಲಿ ಅರ್ಧಾಂಶಕ್ಕೆ ಸಮೀಪ ಮಂದಿಗೆ ಇನ್ನೂ ಕೆಲಸ ಸಿಕ್ಕಿಲ್ಲ. "ನಾನು ದುಡಿಯಬೇಕು" ಎಂದು ಒಬ್ಬ ಹುಡುಗಿ ಬಾಯಿಬಿಟ್ಟು ಹೇಳಿದ್ದರಿಂದಲೇ ಆಕೆ ಈ ಅಂಕಿಯೊಳಗೆ ಬಂದಳು. ಹತ್ತೊಂಬತ್ತಕ್ಕೆ ಮದುವೆ ಮಾಡಿ ಅಡಿಗೆಮನೆಗೆ ಕಳುಹಿಸಿಬಿಡುವ ಊರಿನಲ್ಲಿ ಈ ಅಂಕಿ ತುಂಬಾ ಚಿಕ್ಕದಾಗಿರುತ್ತದೆ. ಮನೆಯಲ್ಲಿರುವ ಮಗಳ ಬಗ್ಗೆ ಸ್ವರ ತಗ್ಗಿಸುವ ತಾಯಂದಿರಿಗೆ ನಾವು ಇಷ್ಟನ್ನು ಹೇಳುತ್ತೇವೆ.

ಇದರೊಂದಿಗೆ ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಕಾಯುವುದಕ್ಕೆ ಬೆಲೆಯಿದೆ. ಕೇರಳ ಲೋಕಸೇವಾ ಆಯೋಗದ ರ್‍ಯಾಂಕ್ ಪಟ್ಟಿಯ ಆಯುಸ್ಸು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಅದರಲ್ಲಿ ಹೆಸರು ಬಂದವರು ಇಂದು ಬರುತ್ತದೆ ನಾಳೆ ಬರುತ್ತದೆಂದು ಕಾಯುತ್ತಾರೆ. ಪಟ್ಟಿಯ ಅವಧಿ ಮುಗಿಯುತ್ತದೆ. ಮತ್ತೆ ಪರೀಕ್ಷೆ, ಮತ್ತೆ ಪಟ್ಟಿ. ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳ ಪಾಡಂತೂ ಇನ್ನೂ ಇಕ್ಕಟ್ಟಿನದು. ಬೇರೆಯವರಿಗೆ ಹದಿನಾಲ್ಕು ಜಿಲ್ಲೆಗಳ ಹರವು ಇದ್ದರೆ ನಮ್ಮವರಿಗೆ ಹೆಚ್ಚುಕಡಮೆ ಒಂದೇ ಜಿಲ್ಲೆ, ಅದರಲ್ಲೂ ಉತ್ತರದ ತುದಿ. ಶಾಲೆ ತೆರೆದ ಆರನೆಯ ದಿನ ಮಕ್ಕಳ ತಲೆ ಎಣಿಸಿ ಅದರ ಮೇಲೆ ಹುದ್ದೆಗಳನ್ನು ನಿಗದಿ ಮಾಡುವುದು ಇಲ್ಲಿಯ ಕ್ರಮ. ಆ ದಿನ ಹಾಜರಿ ಪುಸ್ತಕದ ಮುಂದೆ ಕೂತ ಮುಖ್ಯೋಪಾಧ್ಯಾಯರಿಗೆ ಗೊತ್ತು: ಕನ್ನಡ ವಿಭಾಗದಲ್ಲಿ ಮಕ್ಕಳು ಕಡಮೆಯಾಗಿ ಒಂದು ಡಿವಿಜನ್ ಬಿದ್ದರೆ ಒಂದು ಹುದ್ದೆ ಬಿತ್ತು, ಪಟ್ಟಿಯಲ್ಲಿ ಕಾಯುತ್ತಿರುವ ಯಾರದೋ ಮಗಳ ಸರದಿ ಒಂದು ವರ್ಷ ಹಿಂದಕ್ಕೆ ಹೋಯಿತು. ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ಮಗಳಿಗೆ ಕನ್ನಡ ಅಧ್ಯಾಪಿಕೆಯ ಕೆಲಸವಾಗಲಿಲ್ಲವೆಂದು ಕೊರಗುವ ಮನೆಗಳನ್ನೂ ನಾವು ಕಂಡಿದ್ದೇವೆ.

ಉದ್ಯೋಗ ವಿನಿಮಯ ಕೇಂದ್ರದ ನೋಂದಣಿ ಪುಸ್ತಕವನ್ನು ಹಿಡಿದು ಜಿಲ್ಲೆಯ ನಿರುದ್ಯೋಗವನ್ನು ಹೇಳುವವರಿದ್ದಾರೆ. ಅದು ಸಲ್ಲದು. ಓದುತ್ತಿರುವವರೂ ಅಲ್ಲಿ ಹೆಸರು ಬರೆಸುತ್ತಾರೆ. ಬೇರೆಡೆ ಕೆಲಸ ಸಿಕ್ಕಿದವರೂ ಸರಕಾರಿ ಹುದ್ದೆಯ ಆಸೆಯಿಂದ ಮೂರು ವರ್ಷಕ್ಕೊಮ್ಮೆ ನವೀಕರಿಸುತ್ತಿರುತ್ತಾರೆ. ಕೂಲಿಯಾಳು ಅತ್ತ ಸುಳಿಯುವುದೇ ಇಲ್ಲ.

ಗಡಿ ಎಲ್ಲಿದೆ?

ರಾಜ್ಯದ ಸರಾಸರಿ ಎನ್ನುವುದು ಒಂದು ದೊಡ್ಡ ಕಂಬಳಿ; ಅದರಡಿಯಲ್ಲಿ ಬಿಸಿಯೂ ಇದೆ, ತಂಪೂ ಇದೆ. ಇಟಲಿ ದೇಶದಲ್ಲಿ 2023ರಲ್ಲಿ ನೇಪಲ್ಸ್ ನಗರವಿರುವ ದಕ್ಷಿಣದ ಕಂಪಾನಿಯಾ ಪ್ರಾಂತದ ನಿರುದ್ಯೋಗ ಸುಮಾರು ಶೇಕಡಾ 17. ಉತ್ತರದ ಪರ್ವತಸೀಮೆಯಾದ ಬೊಲ್ಜಾನೊದಲ್ಲಿ ಸುಮಾರು ಶೇಕಡಾ 2. ಒಂದೇ ಸರಕಾರ, ಒಂದೇ ನಾಣ್ಯ, ಒಂದೇ ಕಾನೂನು. ಕೇರಳದೊಳಗೂ ತಿರುವನಂತಪುರದ ಸ್ಥಿತಿಯೇ ಬದಿಯಡ್ಕದ ಸ್ಥಿತಿಯಲ್ಲ, ಕರ್ನಾಟಕದ 2.7ರೊಳಗೆ ಬೆಂಗಳೂರಿನ ತಂತ್ರಜ್ಞನೂ ಇದ್ದಾನೆ, ರಾಯಚೂರಿನ ಕೂಲಿಯೂ ಇದ್ದಾನೆ.

ಬ್ರಿಟನ್ನಿನವರು ಈ ತೊಡಕಿಗೆ ಒಂದು ಜಾಣ ದಾರಿ ಕಂಡುಕೊಂಡಿದ್ದಾರೆ. ಸ್ಥಳೀಯ ನಿರುದ್ಯೋಗವನ್ನು ಹೋಲಿಸುವಾಗ ಅವರು ಕೌಂಟಿಯ ಗಡಿಯನ್ನಷ್ಟೇ ನಂಬುವುದಿಲ್ಲ. ಜನ ಎಲ್ಲಿ ವಾಸಿಸುತ್ತಾರೆ, ದಿನಾಲು ಕೆಲಸಕ್ಕೆ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಜನಗಣತಿಯಿಂದ ತಿಳಿದು, ಅಲ್ಲಿಯೇ ವಾಸಿಸುವ ಕೆಲಸಗಾರರಲ್ಲಿ ಸುಮಾರು ಮುಕ್ಕಾಲು ಪಾಲು ಅಲ್ಲಿಯೇ ದುಡಿಯುವಂಥ ಪ್ರದೇಶಗಳನ್ನು ಗುರುತಿಸುತ್ತಾರೆ. 2011ರ ಜನಗಣತಿಯಿಂದ ಅಂಥ 228 ಪ್ರದೇಶಗಳನ್ನು ರಚಿಸಿದರು. ಇವುಗಳಲ್ಲಿ ಕೆಲವು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಗಡಿಯನ್ನು, ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್‌ಗಳ ಗಡಿಯನ್ನು ದಾಟಿ ಹರಡಿವೆ. ಜನರ ಕಾಲು ಎಲ್ಲಿಗೆ ನಡೆಯುತ್ತದೋ ಅಲ್ಲಿಗೆ ಗೆರೆ.

ಆ ಕ್ರಮದಲ್ಲಿ ನಮ್ಮ ನಾಡಿನ ನಕ್ಷೆ ಬರೆದರೆ ಹೇಗಿದ್ದೀತು! ಉಪ್ಪಳ, ಮಂಜೇಶ್ವರಗಳ ಪ್ಲಾಟ್‌ಫಾರ್ಮಿನಲ್ಲಿ ಮುಂಜಾನೆ ರೈಲಿಗೆ ನಿಲ್ಲುವವರು, ತಲಪಾಡಿಯ ಬಸ್ಸಿಗೆ ಜೋತುಬೀಳುವವರು ಹೋಗುವುದು ಮಂಗಳೂರಿನ ಆಸ್ಪತ್ರೆ, ಅಂಗಡಿ, ಕಾಲೇಜು, ಕಾರ್ಖಾನೆಗಳಿಗೆ. ಪೆರ್ಲ, ಅಡ್ಕಸ್ಥಳದವರ ಮುಖ ಪುತ್ತೂರಿನ ಕಡೆಗೆ. ಮಂಜೇಶ್ವರದ ಶ್ರಮದ ರಾಜಧಾನಿ ಮಂಗಳೂರೇ ಹೊರತು ತಿರುವನಂತಪುರವಲ್ಲ. ದಿನವೂ ಮನೆಗೆ ಮರಳುವವನು ಕೇರಳದ ಉದ್ಯೋಗಿಯೆಂದೂ, ಮಂಗಳೂರಿನಲ್ಲಿ ಕೋಣೆ ಹಿಡಿದು ಅಲ್ಲೇ ನೆಲಸಿದವನು ಕರ್ನಾಟಕದ ಉದ್ಯೋಗಿಯೆಂದೂ ಲೆಕ್ಕವಾಗುತ್ತದೆ; ಸಮೀಕ್ಷೆ ನೋಡುವುದು ವಾಸಸ್ಥಳವನ್ನು.

ಈ ಗೆರೆ ಎಷ್ಟು ನಿಜವೆಂಬುದು 2020ರ ಮಾರ್ಚಿ ತಿಂಗಳ ಕೊನೆಗೆ ತಿಳಿಯಿತು. ಸೋಂಕಿನ ಭಯದಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ತಲಪಲಾರದೆ ಹೋದದ್ದನ್ನು, ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದದ್ದನ್ನು ಎಲ್ಲರೂ ಬಲ್ಲರು. ನಿತ್ಯ ಗಡಿ ದಾಟಿ ದುಡಿಯುತ್ತಿದ್ದ ಮಂದಿಯ ಅನ್ನದ ದಾರಿಯೂ ಅಂದೇ ಮುಚ್ಚಿತು. ಅವರ ಬಗ್ಗೆ ಯಾವ ವರದಿಯ ಕೋಷ್ಟಕದಲ್ಲಿಯೂ ಪ್ರತ್ಯೇಕ ಸಾಲು ಇರಲಿಲ್ಲ. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ನಗರಗಳ ನಿರುದ್ಯೋಗ ವಾರದ ಅಳತೆಯಲ್ಲಿ ಶೇಕಡಾ 21ರ ಸಮೀಪಕ್ಕೆ ಏರಿತ್ತು.

ಇದು ಕಾಸರಗೋಡಿನವರ ಕತೆ ಮಾತ್ರವಲ್ಲವೆಂದು ಉಳಿದ ಗಡಿನಾಡುಗಳ ಓದುಗರು ಬಲ್ಲರು. ದಿಂಬಂ ಘಾಟಿನ 27 ತಿರುವುಗಳಾಚೆ ಇರುವ ತಾಳವಾಡಿಗೆ ತನ್ನದೇ ಜಿಲ್ಲಾಕೇಂದ್ರ ಈರೋಡಿಗಿಂತ ಚಾಮರಾಜನಗರವೇ ಹತ್ತಿರ. ಹೊಸೂರಿನಲ್ಲಿ ಪ್ರವಾಹ ಉಲ್ಟಾ. ಅಲ್ಲಿಯ ಕೈಗಾರಿಕಾ ವಸಾಹತುಗಳಿಗೆ ಕರ್ನಾಟಕದ ಕಡೆಯಿಂದಲೂ ಜನ ಬರುತ್ತಾರೆ. ಜತ್ತಿನ ಬರದ ಸೀಮೆಯಿಂದ ಕಬ್ಬು ಕಡಿಯಲು ಹೋಗುವವರು, ಆದೋನಿ ಕಡೆಯಿಂದ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುವವರು ವರ್ಷದಲ್ಲಿ ಕೆಲವು ತಿಂಗಳು ದುಡಿದು, ಉಳಿದ ತಿಂಗಳು ಬರಿಗೈಯಲ್ಲಿ ಕೂತರೂ, ಇಡೀ ವರ್ಷದ ಅಳತೆಯಲ್ಲಿ ಉದ್ಯೋಗಿಗಳೇ ಆಗಿರುತ್ತಾರೆ. ಮಹಾರಾಷ್ಟ್ರದ ಶೇಕಡಾ 3.3, ಆಂಧ್ರದ 4.1 ಎಂಬ ಅಂಕಿಗಳಲ್ಲಿ ಅವರ ಖಾಲಿ ತಿಂಗಳುಗಳು ಕಾಣುವುದಿಲ್ಲ.

ಮಗನನ್ನು ಅತ್ತ ಸೇರಿಸಬೇಕೇ ಎಂಬ ತಂದೆಯ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ. 7.2 ಮತ್ತು 2.7 ಎಂಬ ಸಂಖ್ಯೆಗಳನ್ನು ನೋಡಿ ನಿರ್ಧರಿಸಬೇಡಿ. ಅವು ಅಂಥ ನಿರ್ಧಾರಕ್ಕಾಗಿ ಮಾಡಿದವಲ್ಲ. ಹುಡುಗ ಕಲಿಯಹೊರಟ ವಿದ್ಯೆಗೆ ಮಂಗಳೂರಿನಲ್ಲಿ ಯಾವ ಕೆಲಸವಿದೆ, ಕಾಸರಗೋಡಿನಲ್ಲಿ ಯಾವುದಿದೆ, ಆರಂಭದ ಸಂಬಳವೆಷ್ಟು, ಕೋಣೆಬಾಡಿಗೆ ಕಳೆದು ಉಳಿಯುವುದೆಷ್ಟು ಎಂಬುದನ್ನು ಎರಡು ವರ್ಷ ಮೊದಲು ಅದೇ ಹಾದಿ ಹಿಡಿದ ನೆರೆಮನೆಯ ಹುಡುಗನನ್ನು ಕೇಳಿ ತಿಳಿದರೆ ಹೆಚ್ಚಿನ ಪ್ರಯೋಜನವಾದೀತು.

ಕೊನೆಯದಾಗಿ ಗಣತಿಯ ವಿಚಾರ. 2025ರಿಂದ ಶ್ರಮಬಲ ಸಮೀಕ್ಷೆಯನ್ನು ಸುಮಾರು 2.7 ಲಕ್ಷ ಮನೆಗಳಿಗೆ ವಿಸ್ತರಿಸಿ, ಜಿಲ್ಲೆಯನ್ನೇ ಮಾದರಿಯ ಮೂಲ ಘಟಕವಾಗಿ ಮಾಡಿದ್ದಾರೆ. ಇದರಿಂದ ಜಿಲ್ಲೆಗಳ ಚಿತ್ರ ಹಿಂದಿಗಿಂತ ಸ್ಪಷ್ಟವಾಗಬಹುದು. ಆದರೂ ಮಾದರಿ ಸಮೀಕ್ಷೆಯು ಎಲ್ಲರ ಮನೆಗೂ ಬರುವುದಿಲ್ಲ. ಎಲ್ಲರ ಮನೆಗೂ ಬರುವುದು 2027ರ ಮಾರ್ಚಿ 1ನ್ನು ಆಧಾರ ದಿನವೆಂದು ಘೋಷಿಸಲಾದ ಜನಗಣತಿ. 2011ರ ಜನಗಣತಿಯು ಕೃಷಿ ಮತ್ತು ಮನೆಗೈಗಾರಿಕೆಯ ಹೊರಗೆ ದುಡಿಯುವವರನ್ನು ಕೆಲಸದ ಸ್ಥಳಕ್ಕೆ ಎಷ್ಟು ದೂರ, ಹೋಗುವುದು ಯಾವ ವಾಹನದಲ್ಲಿ ಎಂದು ಕೇಳಿತ್ತು. ಎತ್ತ ಕಡೆಗೆ ಎಂದು ಕೇಳಿರಲಿಲ್ಲ. ಹಾಗಾಗಿ ಹದಿನೈದು ಕಿಲೋಮೀಟರು ಉತ್ತರಕ್ಕೆ ಮಂಗಳೂರಿಗೆ ಹೋಗುವವನೂ, ಹದಿನೈದು ಕಿಲೋಮೀಟರು ದಕ್ಷಿಣಕ್ಕೆ ಕುಂಬಳೆಗೆ ಹೋಗುವವನೂ ಅಲ್ಲಿ ಒಂದೇ ಆಗಿಬಿಟ್ಟರು.

ಗಣತಿಗೆ ಬರುವವರು ಬಹುತೇಕ ನಮ್ಮಂಥ ಅಧ್ಯಾಪಕರೇ. ಬಿಸಿಲಲ್ಲಿ ಗುಡ್ಡ ಹತ್ತಿ ಬಂದವರಿಗೆ ಒಂದು ಲೋಟ ನೀರು ಕೊಟ್ಟು ಒಳಗೆ ಕರೆಯಿರಿ. ಮಗಳ ಕೆಲಸದ ಪ್ರಶ್ನೆಗೆ ತಂದೆಯೇ ಜಗಲಿಯಿಂದ ಉತ್ತರ ಕೊಡುವ ಬದಲು ಮಗಳನ್ನೇ ಕರೆದು ಕೂರಿಸಿರಿ. ಆಕೆ ಕಟ್ಟುವ ಬೀಡಿಯ ಲೆಕ್ಕವನ್ನೂ, ಹಾಕಿದ ಅರ್ಜಿಗಳ ಲೆಕ್ಕವನ್ನೂ ಆಕೆಯೇ ಬಾಯಿಬಿಟ್ಟು ಹೇಳಲಿ.